ಶಾಲಾ ರಂಗಕ್ಕೆ ಕಾಯ್ದೆಯ ಭಯ ಬೇಡ

ಅಮೆರಿಕದ ಟೆನ್ನೆಸ್ಸೀ ರಾಜ್ಯವು 2023ರಲ್ಲಿ ತಂದ ಕಾಯ್ದೆ, ಗಂಡು ಹೆಣ್ಣಿನ ಅಥವಾ ಹೆಣ್ಣು ಗಂಡಿನ ವೇಷ ಧರಿಸಿ ನೀಡುವ ಪ್ರದರ್ಶನವನ್ನು ವಯಸ್ಕರ ಮನರಂಜನೆಯ ಪಟ್ಟಿಗೆ ಸೇರಿಸಿದೆ. ಅದು ‘ಅಪ್ರಾಪ್ತರಿಗೆ ಹಾನಿಕರ’ ಎನಿಸಿದರೆ ಸಾರ್ವಜನಿಕ ಸ್ಥಳದಲ್ಲೂ ಮಕ್ಕಳ ಕಣ್ಣಿಗೆ ಬೀಳಬಹುದಾದ ಕಡೆಯೂ ನಿಷಿದ್ಧ. ಫೆಡರಲ್ ನ್ಯಾಯಾಧೀಶರು ಅದೇ ವರ್ಷ ಇದನ್ನು ಅಸಾಂವಿಧಾನಿಕ ಎಂದರು. ಆದರೆ ಪ್ರಶ್ನಿಸಿದ ರಂಗತಂಡಕ್ಕೆ ದಾವೆ ಹೂಡುವ ಅರ್ಹತೆಯಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಆ ತೀರ್ಪನ್ನು ರದ್ದುಪಡಿಸಿತು. 2025ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ಕಾಯ್ದೆಯ ಸಿಂಧುತ್ವದ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ.

ಕಾಯ್ದೆ ಶಾಲಾ ನಾಟಕವನ್ನು ಹೆಸರಿಸಿಲ್ಲ, ನಿಜ. ಆದರೆ ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ನಲ್ಲಿ ವಯೋಲಾ ಗಂಡುವೇಷ ತೊಡದಿದ್ದರೆ ಕಥೆಯೇ ಮುಂದೆ ಸಾಗದು. ‘ಹೇರ್‌ಸ್ಪ್ರೇ’ ಸಂಗೀತ ನಾಟಕದಲ್ಲಿ ತಾಯಿಯ ಪಾತ್ರವನ್ನು ಗಂಡಸರೇ ಮಾಡುವುದು ರೂಢಿ. ಇವು ಹಾನಿಕರವಲ್ಲವೆಂದು ನ್ಯಾಯಾಲಯದಲ್ಲಿ ವಾದಿಸಿ ಗೆಲ್ಲಬಹುದು. ಆದರೆ ಅಪರಾಧ ಮರುಕಳಿಸಿದರೆ ಒಂದರಿಂದ ಆರು ವರ್ಷಗಳ ಸೆರೆವಾಸ ವಿಧಿಸಬಹುದಾದ ಕಾಯ್ದೆ ಎದುರಿಗಿರುವಾಗ, ಶಿಕ್ಷಕರು ಅಂಥ ಗೆಲುವಿಗೆ ಕಾಯುವುದಕ್ಕಿಂತ ನಾಟಕವನ್ನೇ ಕೈಬಿಡುವ ಸಾಧ್ಯತೆ ಹೆಚ್ಚು. ಯಾವ ಕಡತದಲ್ಲೂ ದಾಖಲಾಗದ ಈ ಸ್ವಯಂ ನಿರ್ಬಂಧದ ನಷ್ಟ, ಪರಕಾಯ ಪ್ರವೇಶದ ಮೂಲಕ ಇನ್ನೊಬ್ಬರ ಬದುಕನ್ನು ಅರಿಯಬೇಕಾದ ಮಕ್ಕಳದು. ಮಕ್ಕಳನ್ನು ಅಶ್ಲೀಲತೆಯಿಂದ ಕಾಪಾಡುವುದು ಸರ್ಕಾರದ ಹೊಣೆ. ಅದಕ್ಕೆ ಅಶ್ಲೀಲತೆಯ ವಿರುದ್ಧದ ಕಾನೂನುಗಳೇ ಸಾಕು. ವೇಷವನ್ನೇ ಅನುಮಾನಿಸುವ ಅಂಶ ಕಾಯ್ದೆಯಿಂದ ಹೋಗಬೇಕು. ಅಲ್ಲಿಯವರೆಗೆ, ಶಾಲಾ ರಂಗಭೂಮಿ ಇದರ ವ್ಯಾಪ್ತಿಗೆ ಬಾರದೆಂದು ಶಾಸನಸಭೆ ಸ್ಪಷ್ಟ ತಿದ್ದುಪಡಿ ತರಬೇಕು.