ಸಿಪಾಯಿಗೆ ಕನ್ನಡ ನಡೆಯುತ್ತದೆ, ಲೆಫ್ಟಿನೆಂಟಿಗೆ?

ಕರ್ನಾಟಕದ ಹುಡುಗನೊಬ್ಬ ಭೂಸೇನೆಗೆ ಸಿಪಾಯಿಯಾಗಿ, ಈಗಿನ ಮಾತಿನಲ್ಲಿ ಜನರಲ್ ಡ್ಯೂಟಿ ಅಗ್ನಿವೀರನಾಗಿ, ಸೇರಬೇಕಾದರೆ ಅವನ ಎತ್ತರ ಕನಿಷ್ಠ 166 ಸೆಂ.ಮೀ. ಇರಬೇಕು. ಅದೇ ಸೇನೆಗೆ ಲೆಫ್ಟಿನೆಂಟ್ ಆಗಿ ಹೋಗಲು 157.5 ಸೆಂ.ಮೀ. ಸಾಕು. ಸಿಪಾಯಿಯಾಗುವವನು ಭರ್ತಿ ಮೈದಾನದಲ್ಲಿ 1.6 ಕಿ.ಮೀ. ಓಡಬೇಕು, ಕಂಬಿಗೆ ಜೋತುಬಿದ್ದು ಗದ್ದ ಮುಟ್ಟಿಸಬೇಕು, ಒಂಬತ್ತು ಅಡಿ ಹಳ್ಳ ಹಾರಬೇಕು. ಅಧಿಕಾರಿಯ ಆಯ್ಕೆಯಲ್ಲಿ ಗಡಿಯಾರ ಹಿಡಿದು ಓಡಿಸುವ ಪರೀಕ್ಷೆ ಇಲ್ಲವೇ ಇಲ್ಲ. ಕಾಲೇಜು ಮುಗಿಸುತ್ತಿರುವ ಎಷ್ಟೋ ಹುಡುಗರಿಗೆ ಈ ಸಂಗತಿಯೇ ಗೊತ್ತಿಲ್ಲ. ಸೈನ್ಯ ಅಂದರೆ ಎದೆ ಸುತ್ತಳತೆ ಮತ್ತು ಓಟ ಎಂದುಕೊಂಡು, ತನ್ನ ಮೈಕಟ್ಟಿಗೆ ಅದೆಲ್ಲ ಆಗುವುದಲ್ಲ ಎಂದು ಬಿಟ್ಟುಬಿಟ್ಟವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಅಧಿಕಾರಿಯ ಬಾಗಿಲಿನಲ್ಲಿ ತಡೆ ಇರುವುದು ಮೈಯಲ್ಲಲ್ಲ, ಮಾತಿನಲ್ಲಿ.

ಕಾಗದದ ಮೇಲಿನ ಅರ್ಹತೆ ನೋಡಿದರೆ ಆಶ್ಚರ್ಯವಾಗುವಷ್ಟು ಸರಳ. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಗೂ ಚೆನ್ನೈ ಪರಂಗಿಮಲೆಯ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೂ ಮಾನ್ಯತೆ ಇರುವ ವಿಶ್ವವಿದ್ಯಾಲಯದ ಯಾವ ಪದವಿಯಾದರೂ ಆಗುತ್ತದೆ. ಬಿ.ಎ. ಕನ್ನಡ ಐಚ್ಛಿಕ ಓದಿದವರೂ ಅರ್ಜಿ ಹಾಕಬಹುದು. (ನೌಕಾ ಅಕಾಡೆಮಿಗೆ ಎಂಜಿನಿಯರಿಂಗ್ ಬೇಕು, ವಾಯುಸೇನೆಗೆ ಎಂಜಿನಿಯರಿಂಗ್, ಇಲ್ಲವೇ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು.) ವರ್ಷಕ್ಕೆ ಎರಡು ಸಲ ಯುಪಿಎಸ್‌ಸಿ ಸಿಡಿಎಸ್ ಪರೀಕ್ಷೆ ನಡೆಸುತ್ತದೆ. ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ ಎಂಬ ಮೂರು ಪತ್ರಿಕೆಗಳಿಗೆ ತಲಾ 100 ಅಂಕ. ಚೆನ್ನೈಗೆ ಮಾತ್ರ ಹೋಗುವವರಿಗೆ ಗಣಿತವೂ ಇಲ್ಲ.

ಗಣಿತವೇನು ಕಬ್ಬಿಣದ ಕಡಲೆಯಲ್ಲ. ಅಧಿಸೂಚನೆಯೇ ಹೇಳುವಂತೆ ಅದು ಹತ್ತನೇ ತರಗತಿ ಮಟ್ಟದ್ದು. ಲಸಾಅ, ಮಸಾಅ, ಶೇಕಡಾ ಲೆಕ್ಕ, ಕ್ಷೇತ್ರಗಣಿತ, ತ್ರಿಕೋನಮಿತಿ. ಕೊಪ್ಪಳದ ಸರ್ಕಾರಿ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಇವಿಷ್ಟನ್ನೂ ಮಾಡಿರುತ್ತಾನೆ, ಆದರೆ ಕನ್ನಡದಲ್ಲಿ. ಸಿಡಿಎಸ್ ಗಣಿತ ಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನೂರು ಲೆಕ್ಕಕ್ಕೆ ಎರಡು ಗಂಟೆ. ಒಂದಕ್ಕೆ 72 ಸೆಕೆಂಡು. ತಪ್ಪಾದರೆ ಮೂರನೇ ಒಂದು ಭಾಗ ಅಂಕ ಕಡಿತ. ಕಾನ್ಪುರದ ಹುಡುಗ ತಾನು ಶಾಲೆಯಲ್ಲಿ ಕಲಿತ ಭಾಷೆಯಲ್ಲೇ ಪ್ರಶ್ನೆ ಓದಿ ಲೆಕ್ಕಕ್ಕಿಳಿಯುವ ಹೊತ್ತಿಗೆ ಕೊಪ್ಪಳದವನು ಪ್ರಶ್ನೆ ಏನು ಕೇಳುತ್ತಿದೆ ಎಂದು ಬಿಡಿಸಿಕೊಳ್ಳುತ್ತಿರುತ್ತಾನೆ. ಇಬ್ಬರಿಗೂ ಬರುವ ಲೆಕ್ಕ ಒಂದೇ ಎಂಬುದನ್ನು ಮರೆಯಬಾರದು.

ಹಾಗಂತ ಸೇನೆ ಕನ್ನಡವನ್ನು ಕಂಡೇ ಇಲ್ಲವೆಂದಲ್ಲ. 2025ರಿಂದ ಅಗ್ನಿವೀರ ಪ್ರವೇಶ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಅದಕ್ಕೂ ಒಂದು ವರ್ಷ ಮೊದಲು, 2024ರಲ್ಲಿ, ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯೂ ಕನ್ನಡದಲ್ಲಿ ಬಂತು. ಎರಡೂ ಒಳ್ಳೆಯ ಕೆಲಸ. ಆದರೆ ಇವೆರಡನ್ನು ಸಿಡಿಎಸ್ ಪಕ್ಕದಲ್ಲಿಟ್ಟು ನೋಡಿದರೆ ಒಂದು ಅಹಿತಕರ ಚಿತ್ರ ಕಾಣುತ್ತದೆ. ಆಜ್ಞೆ ಪಾಲಿಸುವವನಿಗೆ ತಾಯ್ನುಡಿ ಆಗಬಹುದು, ಆಜ್ಞೆ ಕೊಡುವವನಿಗೆ ಆಗದು ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ವ್ಯವಸ್ಥೆ ನಡೆಯುತ್ತಿರುವುದು ಮಾತ್ರ ಹಾಗೆಯೇ.

ಇನ್ನೂ ವಿಚಿತ್ರವೆಂದರೆ, ಇದೇ ಯುಪಿಎಸ್‌ಸಿ ನಡೆಸುವ ನಾಗರಿಕ ಸೇವಾ ಪರೀಕ್ಷೆಯ ಮುಖ್ಯ ಹಂತವನ್ನು ಕನ್ನಡದಲ್ಲಿ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಮೊದಲ ಹಂತದ ಪ್ರಶ್ನೆಪತ್ರಿಕೆ ಅಲ್ಲೂ ಹಿಂದಿ-ಇಂಗ್ಲಿಷಿನದೇ, ಅದು ಬೇರೆ ಮಾತು. ಬಿಹಾರದ ಜಿಲ್ಲೆಯೊಂದಕ್ಕೆ ಜಿಲ್ಲಾಧಿಕಾರಿಯಾಗಿ ಹೋಗಬಹುದಾದವರನ್ನು ಕನ್ನಡದಲ್ಲಿ ಪರೀಕ್ಷಿಸಿ ಆರಿಸಬಹುದು. ಮೂವತ್ತು ಜನರ ಪ್ಲಟೂನ್ ನಡೆಸುವ ಇಪ್ಪತ್ತೆರಡರ ತರುಣನಿಗೆ ಹತ್ತನೇ ತರಗತಿಯ ಲೆಕ್ಕವನ್ನು ಕನ್ನಡದಲ್ಲಿ ಕೇಳಲಾಗದು. ಇದಕ್ಕೆ ಯಾವ ತರ್ಕವೂ ಕಾಣುವುದಿಲ್ಲ.

ಲಿಖಿತ ಪರೀಕ್ಷೆ ದಾಟಿದವರಿಗೆ ಎಸ್‌ಎಸ್‌ಬಿ ಎದುರಾಗುತ್ತದೆ. ಐದು ದಿನಗಳ ಈ ಆಯ್ಕೆಗೆ ಕರ್ನಾಟಕದವರು ದೂರವೇನೂ ಹೋಗಬೇಕಿಲ್ಲ. ಭೂಸೇನೆಯ ಕೇಂದ್ರ ಬೆಂಗಳೂರಿನಲ್ಲೇ ಇದೆ, ವಾಯುಸೇನೆಯದು ಮೈಸೂರಿನಲ್ಲಿ. ಮೊದಲ ದಿನವೇ ಒಂದು ಮಬ್ಬು ಚಿತ್ರ ತೋರಿಸಿ ಕತೆ ಬರೆಯಿಸುತ್ತಾರೆ, ಆಮೇಲೆ ಗುಂಪಿನಲ್ಲಿ ಅದನ್ನು ಹೇಳಿ ಚರ್ಚಿಸಬೇಕು. ದೊಡ್ಡ ಗುಂಪು ಆ ಸಂಜೆಯೇ ಪೆಟ್ಟಿಗೆ ಕಟ್ಟುತ್ತದೆ. ಉಳಿದವರಿಗೆ ಮರುದಿನ ಮನಶ್ಶಾಸ್ತ್ರದ ಪರೀಕ್ಷೆ: ತೆರೆಯ ಮೇಲೆ ಒಂದು ಪದ ಬರುತ್ತದೆ, 15 ಸೆಕೆಂಡಿನಲ್ಲಿ ಮನಸ್ಸಿಗೆ ಮೊದಲು ಹೊಳೆದದ್ದನ್ನು ವಾಕ್ಯವಾಗಿ ಬರೆಯಬೇಕು, ಮತ್ತೆ ಇನ್ನೊಂದು ಪದ. ಹೀಗೆ 60 ಪದ. ಅದಾದ ಮೇಲೆ ಅರ್ಧ ಗಂಟೆಯಲ್ಲಿ 60 ಸನ್ನಿವೇಶ.

ಈ ಪರೀಕ್ಷೆಯ ಜೀವಾಳವೇ ಯೋಚಿಸಲು ಬಿಡುವು ಕೊಡದಿರುವುದು. ಬಣ್ಣ ಕಟ್ಟಲು ಹೊತ್ತು ಸಿಗದಿದ್ದಾಗ ಒಳಗಿನ ಮನುಷ್ಯ ಹೊರಗೆ ಬರುತ್ತಾನೆ ಎಂಬ ನಂಬಿಕೆ ಅದರದು. ಒಪ್ಪತಕ್ಕ ನಂಬಿಕೆಯೇ. ಆದರೆ ‘ಸೋಲು’ ಎಂಬರ್ಥದ ಇಂಗ್ಲಿಷ್ ಪದ ಕಂಡಾಗ ಹಳ್ಳಿಯ ಹುಡುಗನ ಮನಸ್ಸಿಗೆ ಮೊದಲು ಬರುವುದು ಮಳೆ ಕೈಕೊಟ್ಟ ವರ್ಷ ಅಪ್ಪ ಮತ್ತೆ ಬಿತ್ತಿದ ಹೊಲವಾಗಿರಬಹುದು. ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಹದಿನೈದು ಸೆಕೆಂಡು ಮುಗಿದಿರುತ್ತದೆ. ಆಗ ಕೋಚಿಂಗಿನವರು ಬಾಯಿಪಾಠ ಮಾಡಿಸಿದ ಸೋಲೇ ಗೆಲುವಿನ ಮೆಟ್ಟಿಲು ಎಂಬ ಸವಕಲು ವಾಕ್ಯ ಕಾಗದದ ಮೇಲೆ ಬೀಳುತ್ತದೆ. ಮನಶ್ಶಾಸ್ತ್ರಜ್ಞರ ಕೈಗೆ ಸಿಗುವುದು ಹುಡುಗನಲ್ಲ, ಅವನ ಕೋಚಿಂಗ್ ಸೆಂಟರು. ಹಿಂದಿಗೆ ಅವಕಾಶವುಂಟು, ನಿಜ. ಕೊಪ್ಪಳಕ್ಕೆ ಅದು ಎರಡನೇ ಅಲ್ಲ, ಮೂರನೇ ಭಾಷೆ.

ಮುಂದಿನ ದಿನಗಳ ಮೈದಾನದ ಕೆಲಸಗಳಲ್ಲೂ ಹಲಗೆ, ಹಗ್ಗ, ಪೀಪಾಯಿ ಹಿಡಿದು ದಾರಿ ಹುಡುಕುವವನು ತನ್ನ ಉಪಾಯವನ್ನು ಗುಂಪಿಗೆ ಹೇಳಿ ಒಪ್ಪಿಸಬೇಕು. ಕೈಕಾಲೊಂದೇ ಮಾತಾಡುವುದು ಒಬ್ಬೊಬ್ಬರಾಗಿ ಅಡೆತಡೆ ದಾಟುವ ಮೂರು ನಿಮಿಷಗಳಲ್ಲಿ ಮಾತ್ರ. ದೇಹದ ತಯಾರಿ ಬೇಡವೆಂದಲ್ಲ. 2.4 ಕಿ.ಮೀ. ಹತ್ತೂವರೆ ನಿಮಿಷದಲ್ಲಿ ಓಡುವ, 40 ಪುಷ್‌ಅಪ್, ಆರು ಪುಲ್‌ಅಪ್ ಹೊಡೆಯುವ ಶಕ್ತಿ ಗಳಿಸಿಕೊಂಡು ಅಕಾಡೆಮಿಗೆ ಬನ್ನಿ ಎಂದು ಸೇನೆಯೇ ಹೇಳುತ್ತದೆ. ಬೆಳಗಿನ ಐದಕ್ಕೆ ಎದ್ದು ಕೆರೆ ಏರಿಯ ಮೇಲೆ ಆರು ತಿಂಗಳು ಓಡಿದರೆ ಇದು ಬರುತ್ತದೆ. ಅದಕ್ಕೆ ಬೂಟು ಬೇಕು, ದುಡ್ಡು ಬೇಡ.

ಎಸ್‌ಎಸ್‌ಬಿ ಹುಟ್ಟಿದ ಕತೆ ಗೊತ್ತಿದ್ದವರಿಗೆ ಇದು ಇನ್ನಷ್ಟು ಬೇಸರ ತರಿಸೀತು. ಎರಡನೇ ಮಹಾಯುದ್ಧದ ಮಧ್ಯೆ, 1942ರಲ್ಲಿ, ಬ್ರಿಟಿಷ್ ಸೇನೆ ಈ ಪದ್ಧತಿಯನ್ನು ಶುರುಮಾಡಿತು. ಅಲ್ಲಿಯವರೆಗೆ ಅಧಿಕಾರಿಗಳ ಆಯ್ಕೆ ಎಂದರೆ ಯಾವ ಶಾಲೆ, ಯಾವ ಮನೆತನ ಎಂದು ವಿಚಾರಿಸುವ ಚುಟುಕು ಸಂದರ್ಶನ. ಹಾಗೆ ಆರಿಸಿದವರು ಕೆಲಸಕ್ಕೆ ಬರಲಿಲ್ಲ, ಬೇಕಾದಷ್ಟು ಜನ ಸಿಗಲೂ ಇಲ್ಲ. ಮನೆತನ ನೋಡದೆ ಮನುಷ್ಯನನ್ನು ನೋಡುವುದಕ್ಕೆಂದೇ ಚಿತ್ರ, ಪದ, ಹಗ್ಗ, ಹಲಗೆ ಎಲ್ಲ ಬಂದವು. ಭಾರತಕ್ಕೂ ಅದು ಮರುವರ್ಷ ಬಂತು. ಯಾವ ಶಾಲೆ ಎಂಬ ಪ್ರಶ್ನೆಯನ್ನು ಬಾಗಿಲಿನಿಂದ ಓಡಿಸಲು ಮಾಡಿದ ಪದ್ಧತಿಯೊಳಗೆ ಅದೇ ಪ್ರಶ್ನೆ ಭಾಷೆಯ ಕಿಟಕಿಯಿಂದ ನುಗ್ಗಿದೆ.

ಕನ್ನಡಿಗರು ಸೇನೆಯ ಮಾತು ಬಂದಾಗ ಕಾರ್ಯಪ್ಪ, ತಿಮ್ಮಯ್ಯ ಎನ್ನುತ್ತಾರೆ. ಹೆಮ್ಮೆ ಸಹಜ. ಆದರೆ ತಿಮ್ಮಯ್ಯನವರ ದಾರಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನಿನ ಮಿಲಿಟರಿ ಕಾಲೇಜು, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಹಾದು ಹೋದದ್ದು. ಕಾರ್ಯಪ್ಪನವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಇಂದೋರಿನ ಡೇಲಿ ಕೆಡೆಟ್ ಕಾಲೇಜಿಗೆ ಹೋದವರು. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಈಗಲೂ ಅದೇ ಬಗೆಯ ಶಾಲೆಯ ಮಕ್ಕಳಿಗೆ ಅದೇ ಬಾಗಿಲು ಸಲೀಸಾಗಿ ತೆರೆಯುತ್ತಿದ್ದರೆ ಅವರ ಹೆಸರು ಹೇಳಿ ಆಗುವುದೇನು?

ಹೊರನಾಡಿನ ಕನ್ನಡ ಮನೆಗಳಲ್ಲಿ ಈ ತಡೆ ಅಷ್ಟಾಗಿ ಕಾಣಿಸದಿರಬಹುದು. ಪುಣೆಯ ಕ್ಯಾಂಪಿನ ಆಸುಪಾಸು, ಸಿಕಂದರಾಬಾದಿನ ತಿರುಮಲಗಿರಿ, ದೆಹಲಿಯ ಧೌಲಾ ಕುವಾಂ ಕಡೆ ಬೆಳೆದ ಮಕ್ಕಳಿಗೆ ಸಮವಸ್ತ್ರ ದಿನಾ ಕಾಣುವ ವಸ್ತು, ಹಿಂದಿ ಬೀದಿಯ ಮಾತು, ಇಂಗ್ಲಿಷ್ ಶಾಲೆಯ ಮಾತು. ಅವರು ಎಸ್‌ಎಸ್‌ಬಿಗೆ ಹೋದಾಗ ಪರೀಕ್ಷೆ ನಿಜಕ್ಕೂ ಅವರ ಧೈರ್ಯ, ವಿವೇಕಗಳನ್ನೇ ಅಳೆಯುತ್ತದೆ. ಊರಿನಲ್ಲಿರುವ ಅವರ ಚಿಕ್ಕಪ್ಪನ ಮಗನಿಗೆ ಅದೇ ಪರೀಕ್ಷೆ ಬೇರೆಯದನ್ನು ಅಳೆಯುತ್ತದೆ.

ಇದಕ್ಕೆ ಬರುವ ಆಕ್ಷೇಪ ಹಗುರವಾದುದಲ್ಲ. ಸೇನೆಯ ಕಡತ, ನಕ್ಷೆ, ಆದೇಶಗಳೆಲ್ಲ ಇಂಗ್ಲಿಷಿನಲ್ಲಿವೆ. ಗುಂಡು ಹಾರುವ ಹೊತ್ತಿನಲ್ಲಿ ರೇಡಿಯೊದಲ್ಲಿ ಬಂದ ಮಾತು ಅರ್ಥವಾಗದ ಅಧಿಕಾರಿಯಿಂದ ಜೀವಗಳು ಹೋಗುತ್ತವೆ. ಹಾಗಾಗಿ ಇಂಗ್ಲಿಷ್ ಪತ್ರಿಕೆ ಇರಲಿ, ಅದರಲ್ಲಿ ಪಾಸಾಗಲೇಬೇಕು ಎನ್ನಲಿ. ಇಂಗ್ಲಿಷ್ ಗೊತ್ತೇ ಎಂದು ಒಂದು ಸಲ ಕೇಳಿದ ಮೇಲೆ ಗಣಿತದಲ್ಲೂ ಚರಿತ್ರೆಯಲ್ಲೂ ಅದನ್ನೇ ಮತ್ತೆ ಕೇಳುವುದೇಕೆ ಎಂಬುದಷ್ಟೇ ಪ್ರಶ್ನೆ. ಅದೂ ಅಲ್ಲದೆ, ಭಾಷೆ ಕಲಿಸಬಹುದಾದ ವಿದ್ಯೆ ಎಂದು ಸೇನೆಯಷ್ಟು ನಂಬಿದ ಸಂಸ್ಥೆ ಈ ದೇಶದಲ್ಲಿ ಇನ್ನೊಂದಿಲ್ಲ. ಗೂರ್ಖಾ ರೆಜಿಮೆಂಟಿಗೆ ಹೋದ ಅಧಿಕಾರಿ ನೇಪಾಳಿ ಕಲಿಯುತ್ತಾನೆ, ಅದೂ ಕೆಲಸಕ್ಕೆ ಸೇರಿದ ಮೇಲೆ. ಸಿಪಾಯಿಗಳೊಳಗಿಂದಲೇ ಅಧಿಕಾರಿಗಳನ್ನು ತಯಾರಿಸುವ ಆರ್ಮಿ ಕೆಡೆಟ್ ಕಾಲೇಜಿನಲ್ಲಿ ಮೂರು ವರ್ಷ ಓದಿಸಿ, ಪದವಿ ಕೊಡಿಸಿ, ಆಮೇಲೆ ಮಿಲಿಟರಿ ಅಕಾಡೆಮಿಗೆ ಕಳಿಸುತ್ತಾರೆ.

ಸಾಮಾನ್ಯ ಜ್ಞಾನ, ಗಣಿತ ಪತ್ರಿಕೆಗಳನ್ನು ಅಗ್ನಿವೀರ ಪರೀಕ್ಷೆಯ ಹಾಗೆಯೇ 13 ಭಾಷೆಗಳಲ್ಲಿ ಕೊಡುವುದು ನಾಳೆಯೇ ಆಗಬಹುದಾದ ಕೆಲಸ. ಎಸ್‌ಎಸ್‌ಬಿಯ ಪದ ಮತ್ತು ಕತೆಯ ಪರೀಕ್ಷೆ ಅಷ್ಟು ಸುಲಭವಲ್ಲ, ಕನ್ನಡ ಓದಬಲ್ಲ ಮನಶ್ಶಾಸ್ತ್ರಜ್ಞರು ಬೇಕು. ಅಂಥವರು ಬೆಂಗಳೂರು, ಮೈಸೂರಿನಲ್ಲಿ ಸಿಗುವುದಿಲ್ಲವೆಂದರೆ ನಂಬುವುದು ಕಷ್ಟ.

ಕೇಂದ್ರದ ಕಡೆ ಬೆರಳು ತೋರಿಸುವಾಗ ಊರಿನ ಕಾಲೇಜುಗಳನ್ನು ಬಿಡಬಾರದು. ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟನ್ನು ಕನಿಷ್ಠ ‘ಬಿ’ ಗ್ರೇಡಿನಲ್ಲಿ ಪಡೆದು, ಪದವಿಯಲ್ಲಿ 50 ಶೇಕಡಾ ಅಂಕ ಗಳಿಸಿದವರಿಗೆ ಸಿಡಿಎಸ್ ಬರೆಯುವ ಗೋಜೇ ಇಲ್ಲದ ಒಂದು ವಿಶೇಷ ಪ್ರವೇಶವಿದೆ. ಅರ್ಜಿಗಳನ್ನು ಸೋಸಿ ನೇರವಾಗಿ ಎಸ್‌ಎಸ್‌ಬಿಗೆ ಕರೆಯುತ್ತಾರೆ, ಹುಡುಗಿಯರಿಗೂ ಉಂಟು. ಸ್ಥಾನಗಳು ಕಡಿಮೆ, ಹುಡುಗಿಯರಿಗಂತೂ ಬೆರಳೆಣಿಕೆಯಷ್ಟು. ಆದರೂ ಕನ್ನಡ ಮಾಧ್ಯಮದವರಿಗೆ ಈಗಿನ ವ್ಯವಸ್ಥೆಯಲ್ಲಿ ಇದಕ್ಕಿಂತ ಹತ್ತಿರದ ಬಾಗಿಲಿಲ್ಲ. ‘ಸಿ’ ಪರೀಕ್ಷೆ ಬರುವುದು ಮೂರನೇ ವರ್ಷದಲ್ಲಿ, ಹಾಗಾಗಿ ಎನ್‌ಸಿಸಿಗೆ ಮೊದಲ ವರ್ಷವೇ ಸೇರಿರಬೇಕು. ಎಷ್ಟೋ ಕಾಲೇಜುಗಳಲ್ಲಿ ಎನ್‌ಸಿಸಿ ಅಂದರೆ ಆಗಸ್ಟ್ 15, ಜನವರಿ 26, ಮಂತ್ರಿಗಳು ಬಂದಾಗ ಸಾಲು ನಿಲ್ಲುವುದು, ಪರೇಡಿನ ನಂತರದ ಉಪ್ಪಿಟ್ಟು. ಆ ಸರ್ಟಿಫಿಕೇಟಿನಿಂದ ಲೆಫ್ಟಿನೆಂಟ್ ಆಗಬಹುದು ಎಂದು ವಿದ್ಯಾರ್ಥಿಗೆ ತಿಳಿಯುವುದು ಕೊನೆಯ ವರ್ಷ, ಅದೂ ಯಾರೋ ಸೀನಿಯರ್ ಹೇಳಿದಾಗ. 2021ರಲ್ಲಿ ಯುಜಿಸಿ ಎನ್‌ಸಿಸಿಯನ್ನು ಅಂಕ ಸಿಗುವ ಐಚ್ಛಿಕ ವಿಷಯವಾಗಿಸಲು ವಿಶ್ವವಿದ್ಯಾಲಯಗಳಿಗೆ ಹೇಳಿದೆ. ತರಗತಿಯೇ ಆದ ಮೇಲೆ ವಾರಕ್ಕೊಂದು ಗಂಟೆ ಆ ಮಕ್ಕಳನ್ನು ಗುಂಪಿನಲ್ಲಿ ಕೂರಿಸಿ, ಒಂದು ವಿಷಯ ಕೊಟ್ಟು, ತಪ್ಪಾದರೂ ಸರಿ ಮೂರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿಸಲು ಯಾರ ಅಪ್ಪಣೆ ಬೇಕು? ಯುಪಿಎಸ್‌ಸಿ ಮನಸ್ಸು ಬದಲಿಸುವವರೆಗೆ ಈ ವರ್ಷ ಬಿ.ಎ. ಸೇರಿದವರು ಕಾಯಲಾರರು. ವಿಶೇಷ ಪ್ರವೇಶದ ವಯೋಮಿತಿ ಇಪ್ಪತ್ತೈದು.