ದರ ಇಳಿಸಿ ಗಿರಾಕಿ ಹುಡುಕಬೇಡಿ

ಗಿರಣಿ ಕೆಲಸ ತಪ್ಪಿದ ಎಷ್ಟೋ ಮನೆಗಳಲ್ಲಿ ತಾಯಂದಿರು ಪೊರಕೆ, ಬಕೀಟು, ಫಿನಾಯಿಲು ಹಿಡಿದು, ಅಂಗಡಿ ಮನೆಗಳ ಸ್ವಚ್ಛತೆಯನ್ನೇ ಸ್ವಂತ ಉದ್ಯೋಗ ಮಾಡಿಕೊಂಡಿದ್ದಾರೆ. ಇದು ಗೌರವದ ದುಡಿಮೆ. ಆದರೆ ಹೊಸ ಗಿರಾಕಿಗಾಗಿ ಒಬ್ಬಾಕೆ 50 ರೂಪಾಯಿ ಇಳಿಸಿದರೆ, ಮರುದಿನ ಇನ್ನೊಬ್ಬಾಕೆ 70 ಇಳಿಸುತ್ತಾಳೆ. ಇದರಿಂದ ಲಾಭ ಯಾರಿಗೆ? ದುಡಿಯುವವರಿಗಂತೂ ಅಲ್ಲ.

ಗಿರಣಿಗಳ ನಗರವೆನಿಸಿದ್ದ ಅಹಮದಾಬಾದಿನಲ್ಲಿ ಇಳಾ ಭಟ್ಟರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘ ಬೇರೆ ದಾರಿ ತೋರಿಸಿತು. ಬೀದಿಯಲ್ಲಿ ಚಿಂದಿ ಕಾಗದ ಆಯುತ್ತಿದ್ದ ಹೆಂಗಸರು ಅದರ ಆಸರೆಯಲ್ಲಿ ಸಹಕಾರಿ ಮಂಡಳಿ ರಚಿಸಿಕೊಂಡು, ಕಚೇರಿಗಳನ್ನು ಸ್ವಚ್ಛಗೊಳಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. ಒಂಟಿ ಹೆಂಗಸಿಗೆ ತೆರೆಯದ ಬಾಗಿಲು ಸಂಘಕ್ಕೆ ತೆರೆಯಿತು.

ಆದ್ದರಿಂದ ನಾವು ಹೇಳುವುದಿಷ್ಟೆ: ಐದಾರು ಮಂದಿ ಸೇರಿ ಒಂದೇ ದರ ಗೊತ್ತುಮಾಡಿ. ಒಬ್ಬಾಕೆ ಕಾಯಿಲೆ ಬಿದ್ದ ದಿನ ಮತ್ತೊಬ್ಬಾಕೆ ಹೋಗಲಿ. ಕೆಲಸ ತಪ್ಪದಿದ್ದರೆ ನಂಬಿಕೆ ಬೆಳೆಯುತ್ತದೆ. ಮೆಚ್ಚಿದ ಗಿರಾಕಿಯಿಂದಲೇ ಪಕ್ಕದ ಮಳಿಗೆಗೆ ಒಂದು ಮಾತು ಹೇಳಿಸಿ. ದಲ್ಲಾಳಿಯ ಕಮಿಷನ್ನು ನಿಮ್ಮಲ್ಲೇ ಉಳಿಯುತ್ತದೆ.

ವರ್ತಕ ಬಂಧುಗಳಿಗೂ ಒಂದು ಮಾತು. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಈ ತಾಯಂದಿರ ಕೈಗೆ ಬಂದ ಕಾಸು ಸಂಜೆ ಅಕ್ಕಿ, ಬೇಳೆ, ಎಣ್ಣೆಗೆಂದು ನಿಮ್ಮ ಗಲ್ಲಾಪೆಟ್ಟಿಗೆಗೇ ಬರುತ್ತದೆ.