ಹಿಂದಿನ ದೀಪ ನಮಗೆ ಕಾಣೋದಿಲ್ಲ

ಇಲ್ಲಿ ಬರೆಯದೆ ಬಹಳ ದಿನ ಆಯ್ತು. ಆಫೀಸು, ರಿಲೀಸು, ಡೆಡ್‌ಲೈನು ಅನ್ನೋ ನೆಪಗಳು ನಿಮಗೆಲ್ಲ ಗೊತ್ತಿರೋವೇ, ಮತ್ತೆ ಹೇಳಲ್ಲ. ದೀಪಾವಳಿಗೆ ಊರಿಗೆ ಹೋಗಿದ್ದಾಗ ಒಂದು ಘಟನೆ ನಡೀತು. ಬೆಂಗಳೂರಿಗೆ ವಾಪಸ್ ಬಂದು ವಾರ ಕಳೆದ್ರೂ ತಲೆಯಿಂದ ಹೋಗ್ತಾ ಇಲ್ಲ. ಅದಕ್ಕೇ ಬರೀತಾ ಇದೀನಿ.

ನಮ್ಮೂರು ಈಸೂರು, ಶಿಕಾರಿಪುರ ತಾಲ್ಲೂಕು. ಹೆಸರು ಹೇಳಿದ ಕೂಡ್ಲೆ ತಿಳಿದವರು "ಓ, 1942ರಲ್ಲಿ ತಾನು ಸ್ವತಂತ್ರ ಅಂತ ಸಾರಿಕೊಂಡ ಊರಲ್ವಾ?" ಅಂತಾರೆ. ಹೌದು, ಅದೇ ಊರು. ಆದ್ರೆ ಇವತ್ತಿನ ವಿಷಯ ಅಷ್ಟು ದೊಡ್ಡದಲ್ಲ. ಸೈಕಲ್ ಹಿಂದೆ ಹಾಕೋ ಕೆಂಪು ಲೈಟಿನ ಬಗ್ಗೆ.

ಹಬ್ಬದ ಹಿಂದಿನ ದಿನ ಶಿಕಾರಿಪುರದಲ್ಲಿ ಸಾಮಾನು ತಗೊಂಡು ಚಿಕ್ಕಪ್ಪನ ಮಗನ ಬೈಕಲ್ಲಿ ವಾಪಸ್ ಬರ್ತಿದ್ವಿ. ಕತ್ತಲಾಗಿತ್ತು. ನಮ್ಮ ಕಡೆಯವರಿಗೆ ಗೊತ್ತು, ಆ ಹೊತ್ತಲ್ಲಿ ರಸ್ತೆ ಅರ್ಧ ಮೆಕ್ಕೆಜೋಳದ್ದು. ಒಂದು ಬದಿ ಉದ್ದಕ್ಕೂ ಜೋಳ ಹರವಿ, ಗಾಡಿಗಳು ಹತ್ತಬಾರ್ದು ಅಂತ ಅಂಚಿಗೆ ಕಲ್ಲು ಇಟ್ಟಿರ್ತಾರೆ. ಉಳಿದ ಅರ್ಧದಲ್ಲೇ ಎಲ್ಲರೂ ಓಡಾಡ್ಬೇಕು. ಎದುರಿಗೆ ಒಂದು ಟ್ರ್ಯಾಕ್ಟರ್ ಫುಲ್ ಲೈಟ್ ಹಾಕ್ಕೊಂಡು ಬಂತು. ಅದು ದಾಟಿದ ಮೇಲೆ ಒಂದು ಕ್ಷಣ ಕಣ್ಣಿಗೆ ಏನೂ ಕಾಣಲಿಲ್ಲ. ಕಂಡಾಗ ನಮ್ಮ ಮುಂದೆ, ಹತ್ತು ಮಾರಿನಲ್ಲಿ, ಒಂದು ಸೈಕಲ್!

ತಮ್ಮ ಬ್ರೇಕ್ ಹಾಕಿದ. ಬೈಕು ಜಾರಿ, ಹೊಯ್ದಾಡಿ, ಹೇಗೋ ನಿಂತಿತು. ಸಕ್ಕರೆ ಚೀಲ ಒಡೆದು ರಸ್ತೆ ಮೇಲೆ ಚೆಲ್ತು. ಸೈಕಲ್ಲಿನವರು ಗಾಬರಿಯಾಗಿ ಇಳಿದು ತಿರುಗಿ ನೋಡಿದ್ರು. ನೋಡಿದ್ರೆ ನಮ್ಮ ಚಿಕ್ಕಪ್ಪನೇ! ಕ್ಯಾರಿಯರ್ ಮೇಲೆ ದನಕ್ಕೆ ಹಿಂಡಿ ಚೀಲ ಹೇರ್ಕೊಂಡು ಮನೆಗೆ ಹೊರಟಿದ್ರು.

ತಮ್ಮ ಅಪ್ಪನ ಮೇಲೇ ರೇಗಿದ. "ಕತ್ಲಲ್ಲಿ ಹಿಂಗೆ ನಡುರೋಡಲ್ಲಿ ಬರ್ತಾರೇನಪ್ಪ?"

ಚಿಕ್ಕಪ್ಪ ಅವನಿಗೆ ಉತ್ತರ ಕೊಡದೆ ನನ್ನ ಕಡೆ ನೋಡಿದ್ರು. "ನೀನು ಕೊಟ್ಟ ಲೈಟ್ ಹಾಕ್ಕಂಡೇ ಬಂದೀನಲ್ಲೋ, ಕಾಣ್ಲಿಲ್ಲೇನು? ಲೈಟೈತಲ್ಲ ಅಂತಾನೇ ರೋಡಿನ ಮೇಲೆ ಬಂದೆ. ಇಲ್ದಿದ್ರೆ ಇಳ್ಕಂಡು ತಳ್ಕಂಡು ಬರ್ತಿದ್ದೆ."

ನಾನು ಸೈಕಲ್ ಹಿಂದೆ ಹೋಗಿ ನೋಡಿದೆ. ಹೋದ ವರ್ಷ ನಾನೇ ಬೆಂಗಳೂರಿಂದ ತಂದು ಸೀಟಿನ ಕೆಳಗೆ ಕಟ್ಟಿಕೊಟ್ಟ ಲೈಟು. ಅಂಗಡಿ ಮುಂದೆ ಬಟನ್ ಒತ್ತಿದಾಗ ಹತ್ತಿತ್ತಂತೆ. ದಾರಿ ಮಧ್ಯ ಯಾವಾಗ ಸತ್ತಿತ್ತೋ ಅವರಿಗೆ ಗೊತ್ತಿಲ್ಲ. ಇನ್ನೊಂದು ಮಾತು, ಅದು ಉರೀತಾ ಇದ್ದಿದ್ರೂ ನಮಗೆ ಕಾಣ್ತಿರ್ಲಿಲ್ಲ. ಹಿಂಡಿ ಚೀಲ ಅದನ್ನ ಪೂರ್ತಿ ಮುಚ್ಚಿತ್ತು.

ಎರಡು ತಪ್ಪೂ ನನ್ನವೇ. ಕೊಳ್ಳುವಾಗ ನಾನು ನೋಡಿದ್ದು ಒಂದೇ ಸಂಖ್ಯೆ: ಎಷ್ಟು ಲ್ಯೂಮೆನ್? ನೂರು ಅಂತ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿತ್ತು, ತಗೊಂಡೆ. ನನಗೆ ಬೇಕಾಗಿದ್ದೂ ಅದೇ ತರದ್ದು. ಬೆಂಗಳೂರಿನ ರಿಂಗ್ ರೋಡಲ್ಲಿ ಸಾವಿರ ಕೆಂಪು ಲೈಟುಗಳ ಮಧ್ಯೆ ನನ್ನದೂ ಕಾಣಬೇಕಲ್ಲ. ನಾನು ದಿನಾ ಆಫೀಸಿಗೆ ಹೋಗೋದು ಬರೋದು ಸೇರಿ ಒಂದೂವರೆ ಗಂಟೆ, ಆಫೀಸಿಗೆ ಹೋದ ತಕ್ಷಣ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಚಾರ್ಜ್ ಮಾಡ್ತೀನಿ. ಚಿಕ್ಕಪ್ಪ ಯಾವ ಲ್ಯಾಪ್‌ಟಾಪಿಗೆ ಸಿಕ್ಕಿಸ್ಬೇಕು?

ಇಲ್ಲಿಗೆ ನಾನು ಹೇಳಬೇಕಾದ ಮಾತಿಗೆ ಬಂದೆ. ಮುಂದಿನ ಲೈಟ್ ಕೆಟ್ರೆ ನಮಗೆ ತಕ್ಷಣ ಗೊತ್ತಾಗತ್ತೆ, ರಸ್ತೆ ಕಾಣಲ್ಲ. ಹಿಂದಿನದು ಕೆಟ್ರೆ ಗೊತ್ತಾಗೋದು ಹಿಂದೆ ಬರೋನಿಗೆ ಮಾತ್ರ, ಅದೂ ತಡವಾಗಿ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದೇ ತರ ಒಂದು ಕಾಟ ಇದೆ. ಎರರ್ ಕೊಟ್ಟು ಬಿದ್ದುಹೋಗೋ ಪ್ರೋಗ್ರಾಮಿಗೆ ನಾವು ಹೆದರಲ್ಲ. ಸದ್ದಿಲ್ಲದೆ ನಿಂತುಹೋಗಿ, ಎಲ್ಲ ಸರಿ ಇದೆ ಅಂತ ನಂಬಿಸೋದಕ್ಕೆ ಹೆದರ್ತೀವಿ. ಬ್ಯಾಕಪ್ ಇದೆ ಅಂದ್ಕೊಂಡು ಡಿಲೀಟ್ ಮಾಡಿದ ಮೇಲೆ ಬ್ಯಾಕಪ್ಪೇ ಆಗಿರ್ಲಿಲ್ಲ ಅಂತ ಗೊತ್ತಾಗತ್ತಲ್ಲ, ಹಾಗೆ. ಸತ್ತ ಲೈಟು ಲೈಟೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಲೈಟ್ ಇಲ್ಲ ಅಂತ ಗೊತ್ತಿದ್ದವನು ಹುಷಾರಾಗಿ ಬದಿಗೆ ಇಳೀತಾನೆ. ಇದೆ ಅಂತ ನಂಬಿದವನು ನಡುರಸ್ತೆಗೆ ಬರ್ತಾನೆ.

"ನಾವೇನು ಲೈಟ್ ಹಾಕ್ಕೊಂಡು ಸೈಕಲ್ ಹೊಡೆದ್ವಾ?" ಅಂತ ಹಿರಿಯರು ಕೇಳ್ತಾರೆ. ಕೇಳೋದು ಸರಿಯೇ. ಆದ್ರೆ ಅವತ್ತು ರಸ್ತೆಯಲ್ಲಿ ಇದ್ದ ಬೈಕುಗಳೆಷ್ಟು, ಅವುಗಳ ವೇಗ ಎಷ್ಟು? ಇವತ್ತು ಡಾಂಬರು ಚೆನ್ನಾಗಾಗಿದೆ, ಹುಡುಗರು ಅರವತ್ತಕ್ಕೆ ಕಮ್ಮಿ ಓಡಿಸಲ್ಲ. ಸೈಕಲ್ ಹದಿನೈದರಲ್ಲಿ ಹೋಗ್ತಿದ್ರೆ ಬೈಕು ಅದರ ಹತ್ತಿರಕ್ಕೆ ಗಂಟೆಗೆ 45 ಕಿಲೋಮೀಟರ್, ಅಂದ್ರೆ ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ವೇಗದಲ್ಲಿ ಬರತ್ತೆ. ಡಿಮ್ ಲೈಟಲ್ಲಿ ನಲವತ್ತು ಮೀಟರ್ ಕಂಡ್ರೆ ಸಿಗೋದು ಮೂರು ಸೆಕೆಂಡು. ಅಷ್ಟರಲ್ಲಿ ನೋಡಬೇಕು, ಸೈಕಲ್ ಅಂತ ತಿಳೀಬೇಕು, ಬ್ರೇಕ್ ಹಾಕಬೇಕು. ಅದೇ ಒಂದು ಕೆಂಪು ಲೈಟು ಮುನ್ನೂರು ಮೀಟರಿಂದ ಕಂಡ್ರೆ ಇಪ್ಪತ್ನಾಲ್ಕು ಸೆಕೆಂಡು ಸಿಗತ್ತೆ. ಲೆಕ್ಕ ಇಷ್ಟೇ.

ರಿಫ್ಲೆಕ್ಟರ್ ಸಾಲದಾ? ಹೊಸ ಸೈಕಲ್‌ಗಳಿಗೆ ರಿಫ್ಲೆಕ್ಟರ್ ಕಡ್ಡಾಯ ಮಾಡೋ ಆದೇಶವನ್ನ ಕೇಂದ್ರ ಸರ್ಕಾರ 2020ರಲ್ಲಿ ತಂದಿತು. ಒಳ್ಳೇ ಕೆಲಸ. ಬ್ಯಾಟರಿ ಬೇಡ, ಸ್ವಿಚ್ ಬೇಡ. ಆದ್ರೆ ರಿಫ್ಲೆಕ್ಟರಿಗೆ ಸ್ವಂತ ಬೆಳಕಿಲ್ಲ. ಹಿಂದಿನವನ ಹೆಡ್‌ಲೈಟು ಅದರ ಮೇಲೆ ಬೀಳಬೇಕು, ಅದರ ಮೇಲೆ ಕೆಸರು ಕೂತಿರಬಾರದು. ತಿರುವಿನಲ್ಲಿ ಹೆಡ್‌ಲೈಟು ಗದ್ದೆ ಕಡೆ ನೋಡ್ತಿರತ್ತೆ. ಮಳೆಗಾಲದಲ್ಲಿ ನಮ್ಮೂರಿನ ಯಾವ ಸೈಕಲ್ ಮಡ್‌ಗಾರ್ಡು ಸ್ವಚ್ಛ ಇರತ್ತೆ ಹೇಳಿ?

ಮೊದಲು ಡೈನಮೋ ಇತ್ತು. ಟೈರಿಗೆ ಉಜ್ಜಿಕೊಂಡು ತಿರುಗೋ ಆ ಬಾಟಲಿ. ಆರು ವೋಲ್ಟು, ಮೂರು ವ್ಯಾಟು. ಬಹುಪಾಲು ಮುಂದಿನ ಬಲ್ಬಿಗೇ ಹೋಗ್ತಿತ್ತು, ಹಿಂದೆ ಹಾಕಿದ್ರೆ ಅದಕ್ಕೆ ಅರ್ಧ ವ್ಯಾಟಿನ ಮೇಲೆ ಸ್ವಲ್ಪ. ಚಾರ್ಜಿನ ಚಿಂತೆ ಇರ್ಲಿಲ್ಲ. ತೊಂದರೆ ಅಂದ್ರೆ ಸೈಕಲ್ ನಿಂತ ತಕ್ಷಣ ದೀಪವೂ ಆರ್ತಿತ್ತು. ಏರಿನಲ್ಲಿ ಮಂಕಾಗ್ತಿತ್ತು, ತುಳಿಯೋಕೂ ಭಾರ.

ಹಾಗಾದ್ರೆ ಎಂಥ ಲೈಟ್ ತಗೋಬೇಕು? ಸಕ್ಕರೆ ಚೆಲ್ಲಿದ ಮೇಲೆ ನಾನು ಕಲಿತಿದ್ದು ಇಷ್ಟು.

ಒಂದು, ಲ್ಯೂಮೆನ್ ನೋಡೋ ಮುಂಚೆ ಎಷ್ಟು ಗಂಟೆ ಉರಿಯತ್ತೆ ನೋಡಿ. ಸಣ್ಣ ಬ್ಯಾಟರಿಯಲ್ಲಿ ನೂರು ಲ್ಯೂಮೆನ್ ಅಂದ್ರೆ ಒಂದೆರಡು ಗಂಟೆ ಅಷ್ಟೇ. ಅದೇ ಲೈಟನ್ನ ಹತ್ತನೇ ಒಂದು ಪಾಲಿಗೆ ಇಳಿಸಿದ್ರೆ ರಾತ್ರಿಯಿಡೀ ಉರಿಯತ್ತೆ. ಕಣ್ಣಿಗೆ ಅದು ಹತ್ತು ಪಟ್ಟು ಮಂಕಾಗೇನೂ ಕಾಣಲ್ಲ, ನಮ್ಮ ಕಣ್ಣು ಹಾಗೆ ಅಳೆಯಲ್ಲ. ಕಗ್ಗತ್ತಲಿನ ಹಳ್ಳಿ ರಸ್ತೆಗೆ ಹತ್ತಿಪ್ಪತ್ತು ಲ್ಯೂಮೆನ್ ಧಾರಾಳ. ಜಾಸ್ತಿ ಹಾಕಿದ್ರೆ ಹಿಂದೆ ಬರೋನ ಕಣ್ಣು ಕುಕ್ಕತ್ತೆ, ಆ ಟ್ರ್ಯಾಕ್ಟರಿನವನು ನಮಗೆ ಮಾಡಿದ ಹಾಗೆ. ಹಗಲಲ್ಲೂ ಕಾಣಬೇಕು ಅನ್ನೋ ಪೇಟೆಯವರಿಗೆ ನೂರು ಬೇಕು, ಒಪ್ತೀನಿ.

ಎರಡು, ಲೈಟು ಹೇಗೆ ಸಾಯತ್ತೆ ಅಂತ ಕೇಳಿ. ಇದನ್ನ ಯಾರೂ ಕೇಳಲ್ಲ. ಚಾರ್ಜ್ ಮಾಡೋ ಲಿಥಿಯಂ ಬ್ಯಾಟರಿ ಖಾಲಿಯಾದಾಗ ಅದರ ಸರ್ಕ್ಯೂಟು ಕರೆಂಟನ್ನ ಟಪ್ ಅಂತ ಕಡಿದುಬಿಡತ್ತೆ. ರಿಮೋಟಿಗೆ ಹಾಕ್ತೀವಲ್ಲ, ಆ ಸಣ್ಣ ಸೆಲ್ಲಿನ ಸಾದಾ ಲೈಟು ದಿನದಿಂದ ದಿನಕ್ಕೆ ಮಂಕಾಗ್ತಾ ಹೋಗತ್ತೆ. ನಿಲ್ಲಿಸಿದಾಗ ನೋಡಿದ್ರೆ ಗೊತ್ತಾಗತ್ತೆ, ಹೊಸ ಸೆಲ್ಲು ಊರಿನ ಅಂಗಡಿಯಲ್ಲೇ ಸಿಗತ್ತೆ. ಮುನ್ಸೂಚನೆ ಕೊಟ್ಟು ಸಾಯೋದು ಹಳೇ ಟೆಕ್ನಾಲಜಿ ಇರಬಹುದು, ಆದ್ರೆ ನನ್ನ ಓಟು ಅದಕ್ಕೇ. ತಿಂಗಳುಗಟ್ಟಲೆ ಉಪಯೋಗಿಸದಿದ್ರೆ ಮಾತ್ರ ಸೆಲ್ ತೆಗೆದಿಡಿ, ಸೋರಿ ಒಳಗೆಲ್ಲ ಹಾಳಾಗತ್ತೆ.

ಮೂರು, ನೀರು. ಡಬ್ಬದ ಮೇಲೆ ಐಪಿಎಕ್ಸ್4 ಅಂತ ಇದ್ರೆ ಎರಚೋ ನೀರು ತಡೆಯತ್ತೆ, 6 ಇದ್ರೆ ಜೋರಾಗಿ ಹೊಡೆಯೋ ನೀರು, 7 ಇದ್ರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಹಿಂದಿನ ಲೈಟಿಗೆ ಮೇಲಿಂದ ಮಳೆ, ಕೆಳಗಿಂದ ಚಕ್ರ ಚಿಮ್ಮಿಸೋ ಕೆಸರು. ಹಾಗಾಗಿ 4 ಸಾಲದು. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲವಾದ್ರೆ ಯಾವ ಸಂಖ್ಯೆಯೂ ಕಾಪಾಡಲ್ಲ. ಚಿಕ್ಕಪ್ಪನ ಲೈಟು ಬಿಚ್ಚಿದಾಗ ಅದರ ಪಿನ್ನುಗಳು ಹಸಿರುಗಟ್ಟಿದ್ವು.

ನಾಲ್ಕು, ಜಾಗ. ಈ ಲೈಟುಗಳನ್ನೆಲ್ಲ ಸೀಟಿನ ಕಂಬಿಗೆ ಅಂತ ಮಾಡಿರ್ತಾರೆ, ಕ್ಯಾರಿಯರ್ ಇಲ್ಲದ ಸೈಕಲ್ಲಿಗೆ. ನಮ್ಮೂರಲ್ಲಿ ಸೈಕಲ್ ಇರೋದೇ ಹೊರೋದಕ್ಕೆ. ಹುಲ್ಲಿನ ಹೊರೆ, ಹಿಂಡಿ ಚೀಲ, ಸ್ಕೂಲ್ ಬ್ಯಾಗು, ಹಿಂದೆ ಕೂತ ತಂಗಿ, ಯಾವುದಾದ್ರೂ ಲೈಟನ್ನ ಮುಚ್ಚತ್ತೆ. ಮಡ್‌ಗಾರ್ಡಿಗೋ ಕ್ಯಾರಿಯರಿನ ತುದಿಗೋ ನಟ್ಟು ಬೋಲ್ಟು ಹಾಕಿ ಕೂರಿಸಬೇಕು, ನೇರ ಹಿಂದಕ್ಕೆ ನೋಡೋ ಹಾಗೆ. ರಬ್ಬರ್ ಪಟ್ಟಿ ಬಿಸಿಲಿಗೆ ಬಿರಿಯತ್ತೆ.

ಐದು, ಮಿಣುಕೋದಾ, ಸುಮ್ನೆ ಉರಿಯೋದಾ? ಮಿಣುಕಿದ್ರೆ ಬೇಗ ಕಣ್ಣಿಗೆ ಬೀಳತ್ತೆ, ಆದ್ರೆ ಎಷ್ಟು ದೂರ ಇದೆ ಅಂತ ಅಂದಾಜು ಸಿಗಲ್ಲ. ಜರ್ಮನಿಯಲ್ಲಂತೂ ಸೈಕಲ್ಲಿಗೆ ಮಿಣುಕೋ ಹಿಂದಿನ ಲೈಟನ್ನ ನಿಯಮವೇ ಒಪ್ಪಲ್ಲ. ಕತ್ತಲಲ್ಲಿ ಸ್ಥಿರವಾಗಿ ಉರಿಯೋದೇ ಸರಿ ಅಂತ ನನ್ನ ಅಭಿಪ್ರಾಯ.

ಕೊನೇದು ಮತ್ತು ಮುಖ್ಯ: ಎರಡು ಹಾಕಿ. ಒಂದು ಸತ್ರೂ ಇನ್ನೊಂದು ಇರತ್ತೆ. ನೂರು ಲ್ಯೂಮೆನ್ನಿನ ಒಂದಕ್ಕಿಂತ ಹದಿನೈದರ ಎರಡು ವಾಸಿ. ದಾರಿಯಲ್ಲಿ ಒಂದೆರಡು ಸಲ ನಿಲ್ಲಿಸಿ, ಕೈ ಹಿಂದೆ ಚಾಚಿ, ಅಂಗೈ ಮೇಲೆ ಕೆಂಪು ಬೀಳತ್ತಾ ನೋಡಿ. ನಮ್ಮ ಸರ್ವರುಗಳಿಗೆ ನಿಮಿಷಕ್ಕೊಂದು ಸಲ "ಇದೀಯಾ?" ಅಂತ ಕೇಳ್ತೀವಿ. ಬೆನ್ನ ಹಿಂದಿನ ದೀಪಕ್ಕೆ ದಾರಿಯಲ್ಲಿ ಎರಡು ಸಲವಾದ್ರೂ ಕೇಳಬಾರದಾ?

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ಶುರುವಾಗಿದ್ದು 2006-07ರಲ್ಲಿ. ಆಗ ಹಣಕಾಸು ಖಾತೆಯಿದ್ದ ಉಪಮುಖ್ಯಮಂತ್ರಿ ಯಡಿಯೂರಪ್ಪನವರು ನಮ್ಮ ಶಿಕಾರಿಪುರದ ಶಾಸಕರು. ರಾಜಕೀಯ ಏನೇ ಇರಲಿ, ಆ ಸೈಕಲ್ಲಿನಿಂದ ಹೈಸ್ಕೂಲು ಮುಗಿಸಿದ ಹುಡುಗಿಯರು ನಮ್ಮೂರಲ್ಲೇ ಎಷ್ಟೋ ಮಂದಿ. ನಂಗೂ ಸಿಕ್ಕಿತ್ತು. ಬೆಲ್ ಇತ್ತು, ಸ್ಟ್ಯಾಂಡಿತ್ತು, ಕ್ಯಾರಿಯರಿತ್ತು. ಲೈಟ್ ಮಾತ್ರ ಇರ್ಲಿಲ್ಲ. ಹತ್ತನೇ ಕ್ಲಾಸಲ್ಲಿ ಸ್ಪೆಷಲ್ ಕ್ಲಾಸ್ ಮುಗಿಸಿ ಕತ್ತಲಲ್ಲಿ ಅದೇ ಸೈಕಲ್ಲಲ್ಲಿ ಬರ್ತಿದ್ದೆ. ಏನೂ ಆಗಲಿಲ್ಲ, ಅದು ನನ್ನ ಅದೃಷ್ಟ ಅಂತ ಈಗ ಅನ್ಸತ್ತೆ. ಕೋವಿಡ್ ಬಂದ ಮೇಲೆ ಆ ಹಂಚಿಕೆ ನಿಂತಿತು. ಸರ್ಕಾರವೋ ಸಂಘ ಸಂಸ್ಥೆಯೋ, ಮಕ್ಕಳಿಗೆ ಸೈಕಲ್ ಕೊಡೋರು ಯಾರೇ ಇರಲಿ, ಒಂದು ಲೈಟನ್ನ ಬೋಲ್ಟು ಹಾಕಿ ಕೂರಿಸಿಯೇ ಕೊಡಲಿ. ಬೆಲ್ಲು ಹೇಗೆ ಸೈಕಲ್ಲಿನ ಭಾಗವೋ ಹಾಗೆ.

"ಮಕ್ಕಳು ಸೆಲ್ ಹಾಕಲ್ಲ, ಎರಡು ತಿಂಗಳಿಗೆ ಕೆಡತ್ತೆ" ಅಂತ ನನ್ನ ಗೆಳೆಯನೊಬ್ಬ ವಾದ ಮಾಡಿದ. ನಿಜ ಇರಬಹುದು. ಅದಕ್ಕೂ ದಾರಿ ಇದೆ. ಚಕ್ರದ ಕಡ್ಡಿಗಳಿಗೆ ಅಯಸ್ಕಾಂತ ಕಟ್ಟಿ, ಅದು ಸುತ್ತಿದಾಗಲೆಲ್ಲ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ ಉರಿಯೋ ಲೈಟುಗಳಿವೆ. ಸೆಲ್ಲೂ ಇಲ್ಲ, ಸ್ವಿಚ್ಚೂ ಇಲ್ಲ, ಮರೆಯೋಕೆ ಏನೂ ಇಲ್ಲ. ಡೆನ್ಮಾರ್ಕಿನ ಓಡೆನ್ಸೆ ಪಟ್ಟಣದಲ್ಲಿ 2004-05ರಲ್ಲಿ ಸುಮಾರು ನಾಲ್ಕು ಸಾವಿರ ಸೈಕಲ್ ಸವಾರರ ಮೇಲೆ ಒಂದು ವರ್ಷ ಪ್ರಯೋಗ ಮಾಡಿದ್ರು. ಅರ್ಧದಷ್ಟು ಜನರಿಗೆ ಈ ತರದ, ಯಾವಾಗಲೂ ಉರಿಯೋ ಲೈಟು. ಅವರಲ್ಲಿ ಬೇರೆಯವರ ಜೊತೆ ಡಿಕ್ಕಿಯಾಗಿ ಗಾಯಗೊಳ್ಳೋ ಪ್ರಮಾಣ ಶೇಕಡ 19ರಷ್ಟು ಕಮ್ಮಿ ಇತ್ತು. ಡೆನ್ಮಾರ್ಕಿನ ರಸ್ತೆ ಬೇರೆ, ನಮ್ಮ ಮೆಕ್ಕೆಜೋಳದ ರಸ್ತೆ ಬೇರೆ, ಗೊತ್ತು. ಆದ್ರೂ ಸ್ವಿಚ್ ಒತ್ತೋದನ್ನ ಮನುಷ್ಯನ ನೆನಪಿಗೆ ಬಿಡಬಾರದು ಅನ್ನೋ ಬುದ್ಧಿ ಎಲ್ಲ ಕಡೆಗೂ ಒಂದೇ ಅಲ್ವಾ?

ಊರಿಂದ ಹೊರಡೋ ಮುಂಚೆ ಚಿಕ್ಕಪ್ಪನ ಸೈಕಲ್ಲಿಗೆ ಸೆಲ್ಲಿನ ಎರಡು ಲೈಟು ಹಾಕಿಕೊಟ್ಟೆ, ಮಡ್‌ಗಾರ್ಡಿಗೊಂದು, ಕ್ಯಾರಿಯರಿನ ತುದಿಗೊಂದು. ಕತ್ತಲಾದ ಮೇಲೆ ಅವರನ್ನ ಸೈಕಲ್ ಮೇಲೆ ಕಳಿಸಿ, ನಾನೂ ತಮ್ಮನೂ ರಸ್ತೆಯಲ್ಲಿ ನಿಂತು ನೋಡಿದ್ವಿ. ತೋಟದ ತಿರುವಿನವರೆಗೂ ಎರಡು ಕೆಂಪು ಚುಕ್ಕೆ ಕಾಣ್ತಾ ಇದ್ವು. ವಾಪಸ್ ಬಂದು ಕೇಳಿದ್ರು, "ಈಗ ಕಾಣ್ತೇನೋ?"

"ಕಾಣತ್ತೆ ಚಿಕ್ಕಪ್ಪ. ಆದ್ರೂ ಆಗಾಗ ಇಳಿದು ನೋಡ್ತಾ ಇರಿ."

ನಿನ್ನೆ ಫೋನ್ ಮಾಡಿದಾಗ ತಮ್ಮ ಹೇಳಿದ, ಮಡ್‌ಗಾರ್ಡಿನ ಲೈಟು ಆಗಲೇ ಕೆಸರಿಗೆ ಮುಚ್ಚಿಹೋಗಿತ್ತಂತೆ, ಚಿಕ್ಕಪ್ಪ ಪಂಚೆಯ ತುದಿಯಿಂದ ಒರೆಸಿಕೊಂಡು ಹೊರಟ್ರಂತೆ. ಅಷ್ಟು ಸಾಕು ನಂಗೆ.

ನಿಮ್ಮ ಮನೆಯಲ್ಲೂ ಯಾರಾದ್ರೂ ಮಬ್ಬುಗತ್ತಲಲ್ಲಿ ಸೈಕಲ್ ಹೊಡೀತಿದ್ರೆ, ಇವತ್ತು ಸಂಜೆ ಒಂದ್ಸಲ ಅವರ ಹಿಂದೆ ನಿಂತು ನೋಡಿ. ಅವರಿಗಂತೂ ಕಾಣಲ್ಲ.